ಹೊಸ ಕಾಲಿಗೆ ಹಳೆಯ ಧೂಳು

ಶಾಲು ಹೊದಿಸುವಾಗ ಅಂಚು ಯಾವ ಕಡೆ ಬರಬೇಕು, ಹಾರದ ಗಂಟು ಎಲ್ಲಿರಬೇಕು, ಕುರ್ಚಿಗಳನ್ನು ಹೇಗೆ ಹಾಕಿದರೆ ವೇದಿಕೆಯ ಮೇಲೆ ಯಾರ ಮನಸ್ಸೂ ನೋಯುವುದಿಲ್ಲ, ಇವನ್ನೆಲ್ಲ ನಾನು ಯಾರಿಗಾದರೂ ಒಂದು ತಾಸಿನಲ್ಲಿ ಕಲಿಸಬಲ್ಲೆ. ಇಪ್ಪತ್ತೆಂಟು ವರ್ಷ ನಾನು ಮಾಡಿದ್ದು ಅದೇ ಕೆಲಸ. ನಮ್ಮ ಸಂಸ್ಥೆಯಲ್ಲಿ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುತ್ತಾರೆ. ಕಾಲು ಮಾಡುವವರು ಬೇರೆ. ಅದಕ್ಕೆ ನೆರವು ಕೊಡುವವರನ್ನು ವರ್ಷಕ್ಕೊಮ್ಮೆ ಒಂದೆಡೆ ಕೂಡಿಸಿ, ಊಟ ಹಾಕಿ, ಸನ್ಮಾನ ಮಾಡಿ, ಮುಂದಿನ ವರ್ಷವೂ ನಮ್ಮನ್ನು ಮರೆಯದಂತೆ ಮಾಡುವುದು ನನ್ನ ಪಾಲಿಗೆ ಬಂದ ಕೆಲಸ. ಓದಿದ್ದು ಬರೀ ಮೆಟ್ರಿಕ್. ಸೇಡಂನಲ್ಲಿ ಅಪ್ಪ ಗುಡಿಯ ಸೇವೆಯಲ್ಲಿದ್ದರು. ಬಂದವರನ್ನು ಬರಮಾಡಿಕೊಳ್ಳುವುದು, ಪ್ರಸಾದ ಕೊಟ್ಟು ಕಳಿಸುವುದು ಚಿಕ್ಕಂದಿನಿಂದ ನೋಡಿ ಗೊತ್ತಿತ್ತು. ಅಷ್ಟೇ ನನ್ನ ತರಬೇತಿ.

ಈಗ ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಹೋದ ತಿಂಗಳು ಮನೆಗೆ ಬಂದಿದ್ದರು. ದಾನಿಗಳ ಸ್ನೇಹಕೂಟ ನಡೆಸುವ ಬಗೆ ಬರೆದುಕೊಡಿ ಎಂದರು. ಶಾಲಿನ ವಿಷಯ ಬರೆಯಲು ಕುಳಿತೆ. ಬರೆಯುತ್ತ ಹೋದಂತೆ ಭೀಮಶಾನ ಮಾತು ಬಿಟ್ಟು ಬೇರೆ ಯಾವುದನ್ನು ಬರೆದರೂ ಅದು ನನಗೇ ಸುಳ್ಳಾಗಿ ಕಂಡಿತು. ಆದ್ದರಿಂದ ಅಲ್ಲಿಗೇ ಬರುತ್ತೇನೆ. ಆದರೆ ಅದಕ್ಕೆ ಮೊದಲು ಹಾಜಿಸಾಬರ ವಿಷಯ ಹೇಳಬೇಕು.

ನಾನು ಸೇರಿದಾಗ ವಾಡಿಯಲ್ಲಿ ರೈಲು ನಿಲ್ದಾಣದ ಹಿಂದೆ ತಗಡಿನ ಒಂದು ಶೆಡ್ ಇತ್ತು. ಅದೇ ನಮ್ಮ ವರ್ಕ್‌ಶಾಪು. ಕಾಲು ಮಾಡುತ್ತಿದ್ದವರು ಚಿಂಚೋಳಿ ಕಡೆಯ ನಾಗಪ್ಪ ಮೇಸ್ತ್ರಿ. ಸಂಸ್ಥೆ ಕಟ್ಟಿದವರು ಒಬ್ಬ ವೈದ್ಯೆ, ಡಾಕ್ಟರ್ ಬಾಯಿ. ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಕಡಿಮೆ ಮಾತು. ಕೆಲಸ ಕೆಟ್ಟರೆ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಅಷ್ಟಕ್ಕೇ ನಾವು ಆ ಕೆಲಸವನ್ನು ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದೆವು.

ಮೊದಲ ವರ್ಷವೇ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯೊಬ್ಬರು ವರ್ಕ್‌ಶಾಪು ನೋಡಲು ಬರುತ್ತಾರೆಂದು ಗೊತ್ತಾಯಿತು. ಅವರೇ ಹಾಜಿಸಾಬರು. ದೊಡ್ಡ ಕುಳ ಎಂದು ಕೇಳಿದ್ದೆ. ಪ್ಯಾಸೆಂಜರ್ ಗಾಡಿ ಬರುವ ಹೊತ್ತಿಗೆ ಹಾರ ಹಿಡಿದು ನಿಲ್ದಾಣದ ಮುಂಬಾಗಿಲಲ್ಲಿ ನಿಂತೆ. ಗಾಡಿ ಬಂತು, ಹೋಯಿತು. ಜನ ಕರಗಿದರು. ಅಂಥ ದೊಡ್ಡ ಮನುಷ್ಯ ಯಾರೂ ಇಳಿಯಲಿಲ್ಲ. ಹಾರ ಹಿಡಿದುಕೊಂಡು ಪೆಚ್ಚು ಮುಖದಿಂದ ಶೆಡ್ಡಿಗೆ ಬಂದರೆ, ಮಾಸಿದ ಪೈಜಾಮದ ಮುದುಕರೊಬ್ಬರು ನಾಗಪ್ಪ ಮೇಸ್ತ್ರಿಯ ಮುಂದೆ ಸ್ಟೂಲಿನ ಮೇಲೆ ಕುಳಿತು, ತೊಡೆಯ ಮೇಲೆ ರಬ್ಬರ್ ಪಾದ ಇಟ್ಟುಕೊಂಡು ಅದರ ಹಿಮ್ಮಡಿ ಒತ್ತಿ ನೋಡುತ್ತಿದ್ದರು. ಕೊನೆಯ ಡಬ್ಬಿಯಿಂದ ಇಳಿದು, ಮಾಲುಗಾಡಿಗಳ ಬದಿಯಿಂದ ನಡೆದು ಬಂದಿದ್ದರಂತೆ.

"ಹಾರ ಯಾರಿಗ್ರಿ?" ಎಂದರು.

"ನಿಮಗೇರಿ. ಸ್ಟೇಶನ್‌ದಾಗ ನಿಂತಿದ್ದೆ."

"ಮೇಸ್ತ್ರಿಗಿ ಹಾಕ್ರಿ. ಕಾಲ ಮಾಡವ ಅವಾ. ನಾ ಏನ ಮಾಡೀನಿ, ನಡಕೊಂಡು ಬಂದೀನಿ."

ನಾನು ಕೇಳಲಿಲ್ಲ, ಅವರ ಕೊರಳಿಗೇ ಹಾಕಿದೆ. ಅವರು ನಕ್ಕು, ಹಾರ ತೆಗೆದು ಆ ರಬ್ಬರ್ ಪಾದಕ್ಕೆ ಸುತ್ತಿಟ್ಟರು. ದಾನಿಗಳನ್ನು ಎಲ್ಲಿಗೆ ಕರೆಯಬೇಕು ಎಂಬುದು ಅವತ್ತೇ ನನಗೆ ತಿಳಿಯಬೇಕಿತ್ತು. ಹದಿನೈದು ವರ್ಷ ತಿಳಿಯಲಿಲ್ಲ.

ಹಾಜಿಸಾಬರು ಹುಡುಗತನದಲ್ಲಿ ಗಣಿಯಲ್ಲಿ ಕಲ್ಲು ಸೀಳಿದವರು. ಕಲ್ಲು ಬಿದ್ದು ಕಾಲು ಹೋದವರನ್ನು ಕಣ್ಣಾರೆ ಕಂಡವರು. ಅವರು ನಮ್ಮವರಾದದ್ದು ಅದಕ್ಕೆ, ನನ್ನ ಹಾರಕ್ಕಲ್ಲ. ಆದರೂ ನನಗೂ ಅವರಿಗೂ ಒಂದು ಸಲಿಗೆ ಬೆಳೆಯಿತು. ಅದಕ್ಕೆ ಕಾರಣ ನನ್ನದೇ ಒಂದು ಎಡವಟ್ಟು.

ಸ್ನೇಹಕೂಟವನ್ನು ವರ್ಷಕ್ಕೊಂದು ಊರಿನಲ್ಲಿ ಮಾಡುತ್ತಿದ್ದೆವು. ಆ ವರ್ಷ ಚಿಂಚೋಳಿ ಪಕ್ಕದ ಚಂದಾಪುರ. ಎರಡು ತಿಂಗಳು ಮೊದಲೇ ಅಪ್ಪನ ಪಂಚಾಂಗ ತೆಗೆದು ಒಳ್ಳೆಯ ದಿನ ನೋಡಿ ಕಾರ್ಡು ಅಚ್ಚು ಹಾಕಿಸಿದೆ. ರಾಹುಕಾಲ ಬಿಟ್ಟೆ, ಅಮಾವಾಸ್ಯೆ ಬಿಟ್ಟೆ. ಆದರೆ ಅದೇ ಚಂದ್ರನನ್ನು ನೋಡಿ ಉಪವಾಸ ಹಿಡಿಯುವ ಜನ ನಮ್ಮ ಊರಿನಲ್ಲೇ ಇದ್ದಾರೆ ಎಂಬುದು ತಲೆಗೆ ಬರಲಿಲ್ಲ. ಕಾರ್ಡು ಹಂಚಿದ ಮೇಲೆ ನೋಡಿದರೆ ದಾನಿಗಳ ಭೋಜನ ರಂಜಾನಿನ ನಡುವೆ, ಮಧ್ಯಾಹ್ನ ಒಂದು ಗಂಟೆಗೆ! ಹಾಜಿಸಾಬರು ಬಂದರು. ಎಲ್ಲರೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಣ್ಣುವಾಗ ಮುಖ್ಯ ಅತಿಥಿ ಖಾಲಿ ಕೈಯಲ್ಲಿ ಕುಳಿತಿದ್ದರು. ನಾನು ಬೆವರುತ್ತ ಹತ್ತಿರ ಹೋದೆ. ವೆಂಕಟರಾವ್ ಎಂಬ ನನ್ನ ಹೆಸರು ಅವರ ಬಾಯಲ್ಲಿ ರಾವಸಾಬ ಆಗಿತ್ತು.

"ರಾವಸಾಬ, ನಿಮಗ ಏಕಾದಶಿ ಯಾವಾಗ ಬರ್ತದ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

"ಬರೋ ವಾರರಿ."

"ಹಾಂ. ಅವತ್ತ ಸಂಜೀಕ ಉಪಾಸ ಬಿಟ್ಟ ಮ್ಯಾಲ ನಮ್ಮ ಮನ್ಯಾಗ ದಾವತ್ ಇಡ್ತೀನಿ. ನೀವ ಬರ್ಬೇಕು. ಎಲ್ಲಾರೂ ಉಣ್ಣೂದು ಎದುರಿಗಿ ಕುಂತು ನೋಡ್ಬೇಕು. ಹಿಸಾಬ್ ಬರಾಬರ್ ಆಗ್ಲಿ!"

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಏಕಾದಶಿಯ ದಿನ ಅವರ ಮನೆಯಿಂದ ನಿಜವಾಗಿಯೂ ಒಬ್ಬ ಆಳು ಬಂದ, ಕೈಯಲ್ಲಿ ಬಾಳೆಹಣ್ಣಿನ ಗೊನೆ. 'ಇದು ನಡೀತದಲ್ಲ?' ಎಂದು ಹೇಳಿ ಕಳಿಸಿದ್ದರು. ಅವತ್ತಿನಿಂದ ನನ್ನ ಗೋಡೆಯ ಮೇಲೆ ಪಂಚಾಂಗದ ಪಕ್ಕದಲ್ಲಿ ಹಿಜರಿ ಕ್ಯಾಲೆಂಡರೂ ನೇತಾಡಿತು. ಹೊಸಬರೆ, ಇದೊಂದನ್ನು ಮಾತ್ರ ಹಿಂಜರಿಕೆಯಿಲ್ಲದೆ ಹೇಳಬಲ್ಲೆ: ದಿನ ಗೊತ್ತು ಮಾಡುವ ಮೊದಲು ಎರಡೂ ನೋಡಿರಿ.

ಆ ಕಾಲದಲ್ಲಿ ಆಮಂತ್ರಣವನ್ನು ಕೈಯಲ್ಲಿ ಕೊಡದಿದ್ದರೆ ಕೊಟ್ಟಂತೆಯೇ ಅಲ್ಲ. ಬಸ್ಸು ಹತ್ತಿ ಸೇಡಂ, ಚಿತ್ತಾಪುರ, ಆಡಕಿ ಎಂದು ಮನೆಮನೆಗೆ ಹೋಗುತ್ತಿದ್ದೆ. ಆಡಕಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಇದ್ದರು. ಕೊಡುತ್ತಿದ್ದುದು ಸ್ವಲ್ಪ, ಆದರೆ ಒಂದು ವರ್ಷವೂ ತಪ್ಪಿಸಿದವರಲ್ಲ. ಕೂಟಕ್ಕೆ ಎಂದೂ ಬರಲಿಲ್ಲ. "ನನಗ ಕರೀಬ್ಯಾಡ್ರಿ. ಯಾರಿಗಿ ಕಾಲ ಆತು, ಅವರು ಈಗ ಏನ ಮಾಡ್ಲಿಕತ್ತಾರ, ಒಂದ ಕಾರ್ಡ ಬರೀರಿ ಸಾಕು" ಎನ್ನುತ್ತಿದ್ದರು. ಮೊದಮೊದಲು ಬರೆದೆ. ಆಮೇಲೆ ಕೆಲಸ ಹೆಚ್ಚಾಯಿತೆಂದು ಅಚ್ಚು ಹಾಕಿಸಿದ ಕಾಗದ ಕಳಿಸತೊಡಗಿದೆ. ಅವರು ಅದನ್ನು ಮರಳಿ ಕಳಿಸಿದರು. ಹಿಂಬದಿಯಲ್ಲಿ ಕೆಂಪು ಶಾಯಿಯಲ್ಲಿ 'ಇದು ಉತ್ತರವಲ್ಲ' ಎಂದು ಬರೆದಿತ್ತು. ಈಗ ನೀವು ಮೊಬೈಲಿನಲ್ಲಿ ಒಂದೇ ಸಲ ಐನೂರು ಮಂದಿಗೆ ಸಂದೇಶ ಕಳಿಸುವುದನ್ನು ಕಂಡಾಗಲೆಲ್ಲ ನನಗೆ ಆ ಕೆಂಪು ಶಾಯಿ ಕಾಣುತ್ತದೆ.

ಕೂಟದ ಮುಖ್ಯ ಘಟ್ಟ ಎಂದರೆ ಕಾಲು ಕೊಡುವುದು. ಇದು ನಾನೇ ತಂದ ಪದ್ಧತಿ. ಮೇಜಿನ ಮೇಲೆ ಶಾಲು ಹಾಸಿ ಹೊಸ ಕಾಲನ್ನು ಇಡುತ್ತಿದ್ದೆವು. ಕಾಲು ಪಡೆಯುವವರು ಊರುಗೋಲಿನಲ್ಲಿ ವೇದಿಕೆಗೆ ಬಂದು ಕುರ್ಚಿಯಲ್ಲಿ ಕೂರುತ್ತಿದ್ದರು. ದಾನಿ ತಮ್ಮ ಕೈಯಾರೆ ಕಾಲು ತೊಡಿಸಿ ಪಟ್ಟಿ ಬಿಗಿಯಬೇಕು. ಆಮೇಲೆ ಆ ಮನುಷ್ಯ ಎದ್ದು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಬೇಕು. ಮೊದಲ ಹೆಜ್ಜೆ ತಡವರಿಸಿದಾಗ ಸಭೆ ಉಸಿರು ಹಿಡಿಯುತ್ತಿತ್ತು, ಆ ತುದಿ ಮುಟ್ಟಿದಾಗ ಚಪ್ಪಾಳೆ. ಕಣ್ಣೊರೆಸಿಕೊಳ್ಳದವರೇ ಇಲ್ಲ. ಡಾಕ್ಟರ್ ಬಾಯಿಗೆ ಇದು ಹಿಡಿಸುತ್ತಿರಲಿಲ್ಲ. "ವೆಂಕಟರಾವ್, ಇದು ನಾಟಕದ ಸ್ಟೇಜ್ ಅಲ್ಲ" ಎಂದು ಒಮ್ಮೆ ಅಂದಿದ್ದರು. "ಬಾಯಿ, ಜನ ನೋಡ್ಲಿಲ್ಲಂದ್ರ ಮನಸ ಕರಗಂಗಿಲ್ಲ" ಎಂದೆ. ಅವರು ಕನ್ನಡಕ ತೆಗೆಯಲಿಲ್ಲವಾದ್ದರಿಂದ ಒಪ್ಪಿಗೆ ಎಂದುಕೊಂಡೆ.

ನಾನು ಸೇರಿದ ಹದಿಮೂರನೆಯ ವರ್ಷದ ಕೂಟ ಸೇಡಂನಲ್ಲಿ. ಕಾಲು ಕೊಡುವವರು ಹಾಜಿಸಾಬರು. ಎಂಟು ದಿನ ಉಳಿದಿರುವಾಗ ನಾಗಪ್ಪ ಮೇಸ್ತ್ರಿ ಬಂದು, "ರಬ್ಬರ್ ಪಾದ ಬಂದಿಲ್ರಿ. ಈ ತಿಂಗಳು ಒಂದೂ ಕಾಲು ಆಗಂಗಿಲ್ಲ" ಎಂದರು. ಬಾಯಿ ತಪಾಸಣೆ ಶಿಬಿರಕ್ಕೆಂದು ಪರವೂರಿಗೆ ಹೋಗಿದ್ದರು, ಕೂಟ ಮುಗಿದ ಮೇಲೆಯೇ ಬರುವವರಿದ್ದರು. ಕಾಲಿಲ್ಲದೆ ಕೂಟ ನಡೆಸಬಹುದಿತ್ತು. 'ಈ ಸಲ ಕಾಲು ಸಿದ್ಧವಾಗಿಲ್ಲ' ಎಂದು ಹಾಜಿಸಾಬರಿಗೆ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಚಪ್ಪಾಳೆಯ ರುಚಿ ನನಗೆ ಹತ್ತಿಬಿಟ್ಟಿತ್ತು. ನನಗೆ ರಾವೂರಿನ ಭೀಮಶಾ ನೆನಪಾದ.

ಭೀಮಶಾನಿಗೆ ಎಂಟು ತಿಂಗಳ ಹಿಂದೆ ನಾವೇ ಕಾಲು ಕೊಟ್ಟಿದ್ದೆವು. ಗಣಿಯಲ್ಲಿ ಕಲ್ಲಿನ ಹಲಗೆ ಜಾರಿ ಮೊಣಕಾಲ ಕೆಳಗಿನ ಭಾಗ ಹೋಗಿತ್ತು. ಹೊಸ ಕಾಲಿನಲ್ಲಿ ನಡೆಯಲು ಅಷ್ಟು ಬೇಗ ಕಲಿತವನನ್ನು ಕಂಡಿಲ್ಲ ಎಂದು ನಾಗಪ್ಪ ಮೇಸ್ತ್ರಿ ಹೇಳುತ್ತಿದ್ದರು. ಅವನ ಮನೆಗೆ ಹೋದೆ. ಅಂಗಳದಲ್ಲಿ ನೀರು ತುಂಬಿದ ಕೊಡ ಹೊತ್ತು ಬರುತ್ತಿದ್ದ. ಯಾವ ಕಾಲು ನಮ್ಮದು ಎಂದು ಹೇಳಲಾಗುತ್ತಿರಲಿಲ್ಲ.

ವಿಷಯ ಹೇಳಿದೆ. ಊರುಗೋಲಿನಲ್ಲಿ ಬರಬೇಕು. ಅವನ ಕಾಲನ್ನೇ ಹೊಸದೆಂದು ಮೇಜಿನ ಮೇಲೆ ಇಡುತ್ತೇವೆ.

ಅವನು ಕೊಡ ಕೆಳಗಿಟ್ಟ. "ಬ್ಯಾಡ್ರಿ ಸಾಹೇಬ್ರ. ನಾ ಶಹಾಬಾದ ಕಡೆ ಫರಸಿ ಪಾಲಿಶ್ ಮಶೀನಿಗಿ ಕೆಲಸಕ್ಕ ಹೋಗ್ಲಿಕತ್ತೀನಿ. ಮಾಲಕಗ ಕಾಲಿಂದು ಗೊತ್ತಿಲ್ಲ. ಪೈಜಾಮ ಹಾಕ್ಕೋತೀನಿ, ಯಾರಿಗೂ ತಿಳ್ದಿಲ್ಲ. ತಿಳೀತಂದ್ರ ಅವತ್ತೇ ಮನಿಗಿ ಕಳಸ್ತಾನ."

"ಕಾರ್ಯಕ್ರಮ ಸೇಡಂದಾಗ ಅದ. ಶಹಾಬಾದದ ನಿನ್ನ ಮಾಲಕ ಅಲ್ಲಿಗಿ ಯಾಕ ಬರ್ತಾನ?"

"ಪೇಪರನವ್ರು ಬರ್ತಾರಲ್ರಿ."

"ಫೋಟೋ ತಗಸಂಗಿಲ್ಲ. ನಂದು ಮಾತು."

ಅವನು ಕೊಡ ಎತ್ತಿಕೊಂಡು ಒಳಗೆ ಹೊರಟ. ಆಗ ನಾನು ಆ ಮಾತು ಆಡಿದೆ. ಅದನ್ನು ಇಲ್ಲಿ ಬರೆಯಲು ಎರಡು ದಿನ ತಡೆದೆ. "ಕಾಲು ಕೊಟ್ಟವರು ನಾವು, ಭೀಮಶಾ. ಐದು ನಿಮಿಷ ಬಾ ಅಂದ್ರ ನಿನಗ ಭಾರ ಆಗ್ಲಿಕತ್ತದೇನು?"

ಅವನು ಬಂದ.

ಕಾಲನ್ನು ಹಿಂದಿನ ದಿನವೇ ತರಿಸಿಕೊಂಡು ಸೋಪು ಹಾಕಿ ತಿಕ್ಕಿಸಿದೆ. ಪಾಲಿಶ್ ಮಶೀನಿನ ನೀರು, ಕಲ್ಲಿನ ಧೂಳು ಕೂಡಿ ಆಗುವ ಬೂದು ಬಣ್ಣದ ರಾಡಿ ಒಣಗಿದರೆ ಸಿಮೆಂಟಿನಂತೆ ಹಿಡಿಯುತ್ತದೆ. ಮೇಲಿನದು ಹೋಯಿತು. ಹೊಸದರಂತೆ ಹೊಳೆಯಲೆಂದು ಮೇಲಿನಿಂದ ಕೆಳಗಿನವರೆಗೆ, ಚರ್ಮದ ಪಟ್ಟಿಗೂ ಸೇರಿಸಿ, ಕೊಬ್ಬರಿ ಎಣ್ಣೆ ಸವರಿದೆ. ವೇದಿಕೆಯ ಹಿಂದೆ ಭೀಮಶಾನ ಕಿವಿಯಲ್ಲಿ ಹೇಳಿದೆ: "ಸೀದಾ ನಡೀಬ್ಯಾಡ. ಹೊಸಬರಂಗ ಸ್ವಲ್ಪ ಕುಂಟು." ಎಂಟು ತಿಂಗಳು ಕುಂಟದಿರಲು ಕಲಿತ ಮನುಷ್ಯನಿಗೆ ಹೇಳಿದ ಮಾತದು.

ಹಾಜಿಸಾಬರು ಕಾಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಅವರ ಹೆಬ್ಬೆರಳು ಅಂಗಾಲಿನ ಮೇಲೆ ನಿಂತಿತು. ರಬ್ಬರಿನ ಬೆರಳುಗಳ ಸಂದಿನಲ್ಲಿ ಎಣ್ಣೆ ಕುಡಿದ ಧೂಳು ಬೂದುಗೆರೆಯಾಗಿ ಎದ್ದು ಕಾಣುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜಿದರು, ಬೆರಳು ನೋಡಿಕೊಂಡರು, ನನ್ನನ್ನೊಮ್ಮೆ ನೋಡಿದರು. ಆ ವಯಸ್ಸಿನಲ್ಲಿ ವೇದಿಕೆಯ ನೆಲದ ಮೇಲೆ ಕುಳಿತು ಭೀಮಶಾನಿಗೆ ಕಾಲು ತೊಡಿಸಿದರು. ಭೀಮಶಾ ಕುಂಟುತ್ತ ನಡೆದ. ಒಂದೆಡೆ ಬೀಳುವಂತಾಗಿ ಮೇಜು ಹಿಡಿದ. ಎಷ್ಟು ಚೆನ್ನಾಗಿ ಮಾಡಿದ ಎಂದುಕೊಂಡೆ. ಚಪ್ಪಾಳೆ ಬಿತ್ತು. ಪತ್ರಿಕೆಯವರ ಕ್ಯಾಮೆರಾ ಮಿಂಚಿತು. ಕೈ ಅಡ್ಡ ಮಾಡಬಹುದಿತ್ತು. ಹಾಜಿಸಾಬರ ಬಿಳಿ ಗಡ್ಡ, ಭೀಮಶಾನ ತಗ್ಗಿದ ತಲೆ, ಒಳ್ಳೆಯ ಫೋಟೋ ಆಗುತ್ತದೆ ಎಂದು ಸುಮ್ಮನಿದ್ದೆ.

ಊಟದ ಹೊತ್ತಿಗೆ ಹಾಜಿಸಾಬರು ಕೇಳಿದರು, "ಆ ಮನುಷ್ಯಾ ಏನ ಕೆಲಸ ಮಾಡ್ತಾನ ರಾವಸಾಬ?"

"ಏನೂ ಇಲ್ರಿ. ಮನ್ಯಾಗೇ ಕುಂತಾನ."

"ಹೂಂ" ಎಂದರು. ಅವತ್ತು ಅವರು ಉಣ್ಣಲಿಲ್ಲ. ರಂಜಾನ್ ಇರಲಿಲ್ಲ.

ಮರುದಿನ ಫೋಟೋ ಬಂತು. ನಾಲ್ಕನೆಯ ದಿನ ಭೀಮಶಾ ಆಫೀಸಿಗೆ ಬಂದ. ಮಾಲಕ ಪೇಪರನ್ನು ಅವನ ಮುಖದ ಮುಂದೆ ಹಿಡಿದು, 'ಮಶೀನಿಗೆ ಕಾಲು ಸಿಕ್ಕರೆ ನನ್ನ ಕುತ್ತಿಗೆಗೆ ಬರುತ್ತದೆ' ಎಂದು ಕಳಿಸಿದ್ದನಂತೆ. ಭೀಮಶಾ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಆಗಿದ್ದು ಆಗ್ಯಾದ್ರಿ ಸಾಹೇಬ್ರ. ನಿಮ್ಮ ಹಾಜಿಸಾಬರದು ಫರಸಿ ಯಾರ್ಡ್ ಅದಂತಲ್ರಿ. ಒಂದ ಮಾತ ಹೇಳ್ರಿ. ಆರ ತಿಂಗಳ ಮಶೀನ್ ನಡಸೀನಿ, ಹೇಳ್ರಿ ಅವರಿಗಿ."

ಹೇಗೆ ಹೇಳಲಿ? ಆರು ತಿಂಗಳು ಮಶೀನು ನಡೆಸಿದ ಕಾಲು ಮೊನ್ನೆ ಹೊಸದು ಹೇಗಾಯಿತು ಎಂದು ಅವರು ಕೇಳುತ್ತಾರಲ್ಲ! "ಮುಂದಿನ ವಾರ ಬಾ" ಎಂದೆ. ಮುಂದಿನ ವಾರ ಬಂದ. "ಹಾಜಿಸಾಬರು ಊರಾಗ ಇಲ್ಲ" ಎಂದೆ. ಇದ್ದರು. ಮತ್ತೆ ಬಂದ. ನಾಲ್ಕನೆಯ ಸಲ ನಾನು ಒಳಗಿದ್ದೇ ಇಲ್ಲವೆಂದು ಹೇಳಿಸಿದೆ. ಕಿಟಕಿಯಿಂದ ನೋಡಿದೆ. ನಾಗಪ್ಪ ಮೇಸ್ತ್ರಿಯ ಹತ್ತಿರ ಸ್ವಲ್ಪ ಹೊತ್ತು ನಿಂತು ಸ್ಟೇಷನ್ ಕಡೆ ನಡೆದುಹೋದ. ಐದನೆಯ ಸಲ ಬರಲಿಲ್ಲ.

ದಿನಾ ಮಧ್ಯಾಹ್ನ ನಾನು, ನಾಗಪ್ಪ ಮೇಸ್ತ್ರಿ ಇಬ್ಬರೂ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಆ ವಾರದಿಂದ ಅವರು ಶೆಡ್ಡಿನೊಳಗೆ, ಅಚ್ಚುಗಳ ನಡುವೆ ಕುಳಿತು ಉಣ್ಣತೊಡಗಿದರು.

ಹಾಜಿಸಾಬರು ಮುಂದಿನ ವರ್ಷದ ಕೂಟಕ್ಕೆ ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. ನೆರವು ಮಾತ್ರ ತಪ್ಪದೆ ಬರುತ್ತಿತ್ತು. 'ಕರೀಬ್ಯಾಡ್ರಿ' ಎಂದು ಹೇಳಿ ಕಳಿಸುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಹಗುರವೆನಿಸಿತು. ದಾನಿ ದೂರವಾಗಿಲ್ಲ, ಎದುರಿಗೂ ಬರುವುದಿಲ್ಲ. ಇದಕ್ಕಿಂತ ಇನ್ನೇನು ಬೇಕು ಎಂದುಕೊಳ್ಳುವ ಮಟ್ಟಕ್ಕೆ ಇಳಿದಿದ್ದೆ.

ಎರಡನೆಯ ವರ್ಷ ಕಳೆದ ಮೇಲೆ ಅವರಿಗೆ ಮೈಯಲ್ಲಿ ಸರಿಯಿಲ್ಲವೆಂದು ತಿಳಿಯಿತು. ಅವರೇ ಹೇಳಿ ಕಳಿಸಿದ್ದರಿಂದ ಶಹಾಬಾದಕ್ಕೆ ಹೋದೆ. ಮನೆ, ಯಾರ್ಡು ಎರಡೂ ಒಂದೇ ಆವರಣ. ಜಗಲಿಯ ಮೇಲೆ ಹಗ್ಗದ ಮಂಚದಲ್ಲಿ ದಿಂಬಿಗೆ ಒರಗಿದ್ದರು. ಆಚೆ ಮಶೀನಿನ ಸದ್ದು.

"ಕುಂದ್ರಿ ರಾವಸಾಬ. ಎರಡ ವರ್ಷ ಆತು. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ದಾರಿ ನೋಡ್ಲಿಕತ್ತಿದ್ದೆ."

"ಏನ್ರಿ ಹಾಜಿಸಾಬ?"

"ನೋಡ್ರಿ, ಇನ್ನೂ 'ಏನ್ರಿ' ಅಂತೀರಿ." ನಕ್ಕರು. ಆ ನಗುವಿನಲ್ಲಿ ಹಳೆಯ ಬಾಳೆಹಣ್ಣಿನ ಗೊನೆ ಇರಲಿಲ್ಲ. "ನಾ ಮೂವತ್ತು ವರ್ಷ ಈ ಧೂಳ ತಿಂದೀನಿ. ಕೈಯಾಗ ಹಿಡದ್ರ ಯಾವ ಗಣಿದು ಅಂತ ಹೇಳ್ತೀನಿ. ನನಗ ಅದೇ ಧೂಳ ಹತ್ತಿದ ಕಾಲು ಕೊಟ್ಟು ಹೊಸಾದು ಅಂತೀರಿ!"

ಅವರು ಯಾರ್ಡಿನ ಕಡೆ ಮುಖ ತಿರುಗಿಸಿದರು.

"ಭೀಮಶಾ, ಬಾರಪ್ಪ ಇಲ್ಲಿ" ಎಂದು ಕೂಗಿದರು.

ಮಶೀನಿನ ಕಡೆಯಿಂದ ಭೀಮಶಾ ಬಂದ. ಪೈಜಾಮ ಮೇಲೆ ಮಡಚಿತ್ತು. ಎರಡೂ ಪಾದಗಳು ರಾಡಿಯಲ್ಲಿ ಒಂದೇ ಸಮ ಬೂದಾಗಿದ್ದವು.

"ಹ್ಯಾಂಗ ಸಿಕ್ಕಾನಂತ ಕೇಳಬ್ಯಾಡ್ರಿ," ಎಂದರು ಹಾಜಿಸಾಬರು. "ಪೇಪರದಾಗ ಹೆಸರು, ಊರು, ಫೋಟೋ ಎಲ್ಲಾ ಹಾಕಸಿದವರು ನೀವೇ. ನಾ ಹುಡುಕಿ ಹೋಗೂ ತನಕ ಐದ ತಿಂಗಳ ಕೆಲಸಿಲ್ಲ. ಕಾಲ ಗ್ವಾಡಿಗಿ ಆನಿಸಿಟ್ಟು ಕುಂತಿದ್ದ. ಮನಿಬಿಟ್ಟು ಹೊರಗ ಬರೂದೇ ಇಲ್ಲಂದ್ರ ಕಾಲ ಯಾತಕ್ಕ ಅಂತ. ನೀವು ಕೊಟ್ಟ ಕಾಲ್ರಿ ಅದು."

"ಮತ್ತ ನಮಗ್ಯಾಕ ಇನ್ನೂ ಕೊಡ್ಲಿಕತ್ತೀರಿ ಹಾಜಿಸಾಬ?" ಎಂದೆ. ಅದೊಂದೇ ಬಾಯಿಗೆ ಬಂತು.

"ನಿಮಗ ಯಾರ ಕೊಡ್ಲಿಕತ್ತಾರ? ನಾ ನಾಗಪ್ಪ ಮೇಸ್ತ್ರಿಗಿ ಕೊಡ್ತೀನಿ."

ನಾನು ಎದ್ದು ನಿಂತೆ. "ಭೀಮಶಾ, ನಾ ನಿಮಗ ಭಾಳ ದೊಡ್ಡ ತಪ್ಪ ಮಾಡೀನಿ. ಮಾಫ್ ಮಾಡ್ರಿ."

ಇಲ್ಲಿಯವರೆಗೆ 'ಅವನು' ಎಂದು ಬರೆದೆ. ಆಗ ಹಾಗೆಯೇ ಕರೆಯುತ್ತಿದ್ದೆ, ಅದಕ್ಕೆ ಹಾಗೆಯೇ ಬಿಟ್ಟಿದ್ದೇನೆ. ಭೀಮಶಾ ಬಗ್ಗಿ ತಮ್ಮ ರಬ್ಬರ್ ಪಾದದ ಹಿಮ್ಮಡಿ ತಿರುಗಿಸಿ ತೋರಿಸಿದರು. ಮಾಫಿಯ ಮಾತೇ ಎತ್ತಲಿಲ್ಲ.

"ಪಾದ ಸವದದ್ರಿ. ಹಿಮ್ಮಡಿ ಸೀಳ್ಯಾದ. ಹೊಸಾದು ಬೇಕಾಗ್ಯಾದ."

"ನಾಳೆನೇ ಬರ್ರಿ."

"ಬರ್ತೀನಿ. ಮೇಸ್ತ್ರಿ ಕಡೆ ಬರ್ತೀನಿ. ಸ್ಟೇಜ್ ಕಡೆ ಬರಂಗಿಲ್ಲ."

ಅಷ್ಟು ಹೇಳಿ ಮಶೀನಿನ ಕಡೆ ಹೊರಟುಹೋದರು.

ವಾಡಿಗೆ ಮರಳಿ ಡಾಕ್ಟರ್ ಬಾಯಿಯ ಮುಂದೆ ಎಲ್ಲವನ್ನೂ ಹೇಳಿದೆ. ರಾಜೀನಾಮೆ ಬರೆದು ಒಯ್ದಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಗದ ಮುಟ್ಟಲಿಲ್ಲ. "ಹೋಗೂದು ಹಗುರದ. ಮುಂದಿನ ಕೂಟ ನೀವೇ ಮಾಡ್ರಿ. ಹ್ಯಾಂಗ ಮಾಡ್ತೀರಿ ನಾ ನೋಡ್ತೀನಿ. ಅದಕ್ಕ ಮೊದಲ ನಾಗಪ್ಪಗ ಹೇಳಿ ಬರ್ರಿ. ಆ ಕಾಲು ಮಾಡಿದವರು ಅವರು." ನಾಗಪ್ಪ ಮೇಸ್ತ್ರಿಯ ಹತ್ತಿರ ಹೋದೆ. ಕೇಳಿ, ಪ್ಲಾಸ್ಟರ್ ಮೆತ್ತಿದ ಕೈ ಒರೆಸಿಕೊಳ್ಳುತ್ತ, "ನನಗ ಗೊತ್ತಿತ್ರಿ. ಭೀಮಶಾ ಅವತ್ತೇ ಹೇಳಿದ್ದ" ಎಂದರು. ಕೈ ತೊಳೆದು ಬಂದು, "ಬುತ್ತಿ ತಂದೀರೇನು?" ಎಂದರು. ತಂದಿರಲಿಲ್ಲ. ಅವರ ರೊಟ್ಟಿಯಲ್ಲೇ ಅರ್ಧ ಕೊಟ್ಟರು.

ಮುಂದಿನ ಕೂಟವನ್ನು ವಾಡಿಯ ಶೆಡ್ಡಿನಲ್ಲೇ ಮಾಡಿದೆವು. ವೇದಿಕೆ ಇಲ್ಲ, ಮೈಕಿಲ್ಲ, ಶಾಲಿಲ್ಲ. ಕಾಲು ಪಡೆದವರಲ್ಲಿ ಬರಬೇಕೆನಿಸಿದವರು ಮಾತ್ರ, ಕಾಲು ತೊಟ್ಟುಕೊಂಡೇ, ಎಲ್ಲರ ಜೊತೆ ಪಂಕ್ತಿಯಲ್ಲಿ. ಸೇಡಂನಲ್ಲಿ ತೊಗರಿ ಬೇಳೆಯ ಮಿಲ್ಲು ಇಟ್ಟವರೊಬ್ಬರು ಒಳಗೆ ಬರುತ್ತಲೇ ಸುತ್ತ ನೋಡಿದರು. "ಏನ್ರಿ ವೆಂಕಟರಾವ್, ಈ ಸಲ ಶಾಲ ಇಲ್ಲೇನು? ಮನ್ಯಾಗ ನಮ್ಮಾಕಿ ಶಾಲ ಎಲ್ಲಿ ಅಂತ ಕೇಳ್ತಾಳ, ಏನ ಹೇಳ್ಲಿ?"

ನಾಗಪ್ಪ ಮೇಸ್ತ್ರಿ ಹಸಿ ಪ್ಲಾಸ್ಟರಿನ ಅಚ್ಚನ್ನು ಅವರ ಕೈಗೆ ಕೊಟ್ಟರು. "ಮಾಲಕರ, ಇದನ್ನ ಗಟ್ಟಿ ಹಿಡೀರಿ. ಬಿಟ್ರ ಒಬ್ಬನ ಕಾಲ ವಾರಿ ಆಗ್ತದ, ಸೊಟ್ಟ ನಡೀತಾನ."

ಅರ್ಧ ತಾಸು ಅಲುಗಾಡದೆ ಹಿಡಿದು ನಿಂತರು ಆ ಸಾಹುಕಾರರು. ಧೋತರವೆಲ್ಲ ಪ್ಲಾಸ್ಟರು. ಹೋಗುವಾಗ, "ನಾ ಹಿಡದದ್ದು ಯಾರ ಕಾಲ್ರಿ? ಅವರು ನಡದ್ರ ನನಗ ಹೇಳಿ ಕಳಸ್ರಿ" ಎಂದರು. ಹನ್ನೆರಡು ವರ್ಷ ನಾನು ಅವರಿಗೆ ಶಾಲು ಹೊದಿಸಿದ್ದೆ. ಒಮ್ಮೆಯೂ ಅವರು ಹೀಗೆ ಕೇಳಿರಲಿಲ್ಲ.

ಹಾಜಿಸಾಬರನ್ನು ಯಾರೋ ಹಿಡಿದುಕೊಂಡು ಬಂದು ಸ್ಟೂಲಿನ ಮೇಲೆ ಕೂರಿಸಿದರು. ಮೊದಲ ಸಲ ಬಂದಾಗ ಕುಳಿತ ಅದೇ ಮೂಲೆ. ನಾನು ಹಾರ ತಂದಿರಲಿಲ್ಲ. "ಇವತ್ತ ಎಡವಟ್ಟ ಏನೂ ಆಗಿಲ್ಲಲ್ಲ?" ಎಂದು ಕೇಳಿದರು. ಅದೇ ಅವರ ಕೊನೆಯ ಕೂಟವಾಯಿತು.

ಆ ಕೂಟದ ಹಿಂದಿನ ವಾರ ಶೆಡ್ಡಿಗೆ ಟ್ರ್ಯಾಕ್ಟರಿನಲ್ಲಿ ಫರಸಿ ಕಲ್ಲು ಬಂದಿತ್ತು. ಭೀಮಶಾ ತಮ್ಮ ದುಡಿಮೆಯಿಂದ ಕೊಂಡು ತಂದದ್ದು. ಮಣ್ಣಿನ ನೆಲಕ್ಕೆ ಅವರೇ ಹಾಸಿದರು. ಅಷ್ಟು ದೊಡ್ಡ ಪಾಲಿಶ್ ಕೆಲಸಗಾರರು ಕಲ್ಲನ್ನು ಒರಟಾಗಿಯೇ ಏಕೆ ಬಿಟ್ಟರು ಎಂದು ಕೇಳಿದೆ.

"ಪಾಲಿಶ್ ಹಾಕಿದ್ರ ಛಂದ ಕಾಣ್ತದ್ರಿ. ಹೊಸಾ ಕಾಲಿನವ್ರು ಜಾರಿ ಬೀಳ್ತಾರ." ಮತ್ತೆ, ನನ್ನ ಕೈಯಲ್ಲಿದ್ದ ದಾನಿಗಳ ಪಟ್ಟಿ ನೋಡಿ, "ಅದರಾಗ ನನ್ನ ಹೆಸರ ಓದಬ್ಯಾಡ್ರಿ" ಎಂದರು. ಓದಲಿಲ್ಲ.

ಇಷ್ಟು ಬರೆದ ಮೇಲೆ ಇದನ್ನು ಅಚ್ಚಿಗೆ ಕೊಡುವ ಮೊದಲು ಹೋದ ವಾರ ರಾವೂರಿಗೆ ಹೋದೆ. ಈಗ ಕೋಲು ಹಿಡಿಯುವವನು ನಾನು. ಭೀಮಶಾ ಸೀದಾ ನಡೆದು ಬಂದು ಕೈಹಿಡಿದು ಒಳಗೆ ಕೂರಿಸಿದರು. ಚಹಾ ಬಂತು. ಬರೆದದ್ದನ್ನೆಲ್ಲ ಓದಿ ಹೇಳಿ, ಇದನ್ನು ಹಾಕಲೇ, ಬೇಡವೇ ಎಂದು ಕೇಳಿದೆ.

"ಹಾಕ್ರಿ. ಹೆಸರ ನಂದು ಬ್ಯಾಡ. ನಮ್ಮ ಮುತ್ಯಾನ ಹೆಸರ ಹಾಕ್ರಿ, ಅವಾ ಸತ್ತು ಭಾಳ ದಿನ ಆತು, ಅವನ ಕೆಲಸ ಯಾರೂ ತಗಿಯಂಗಿಲ್ಲ" ಎಂದು ನಕ್ಕರು. ಆದ್ದರಿಂದ ಭೀಮಶಾ ಎಂಬುದು ಅವರ ಅಜ್ಜನ ಹೆಸರು.

ಏಳುವ ಹೊತ್ತಿಗೆ ತಡೆದರು. "ಒಂದ ಕಡೆ ತಪ್ಪ ಬರದೀರಿ."

"ಎಲ್ರಿ?"

"ಸ್ಟೇಜ್ ಮ್ಯಾಲ ನಾ ಕುಂಟಿದ್ದು ನೀವ ಹೇಳಿದ್ದಕ್ಕಲ್ರಿ. ಕಾಲ ತಗಸಿದ್ದು ತಗಸೀರಿ, ನಡೀಲಿಕ್ಕಾದ್ರೂ ಸೀದಾ ನಡೀಬೇಕಂತ ಹಟ ಹಿಡದಿದ್ದೆ. ನೀವ ಪಟ್ಟಿಗಿ ಎಣ್ಣಿ ಹಚ್ಚಿದ್ರಲ್ಲ, ಕಾಲ ಜಾರ್ಲಿಕತ್ತು. ಅದಕ್ಕ ಮೇಜ ಹಿಡದೆ." ಚಹಾದ ಬಟ್ಟಲು ಕೆಳಗಿಟ್ಟರು. "ನಾ ನಾಟಕ ಮಾಡಿಲ್ಲ. ಅದನ್ನ ಬರೀರಿ."

ಬರೆದಿದ್ದೇನೆ.